ಅತ್ತೆಯ ಬನ್ಸಿ, ಮಾವನ ರೀಲು

ಕಾಶಿಗೆ ಬರುವಾಗ ನಮ್ಮತ್ತೆ ಎರಡು ಗಂಟು ತಂದಿದ್ದರು. ಒಂದರಲ್ಲಿ ಮಾವನವರ ಅಸ್ಥಿ, ಇನ್ನೊಂದರಲ್ಲಿ ಗಾಳದ ಕೋಲುಗಳು. ಮೊದಲನೆಯದನ್ನು ಮಡಿಲಲ್ಲಿ ಇಟ್ಟುಕೊಂಡು, ಎರಡನೆಯದನ್ನು ಬರ್ತಿನ ಮೇಲೆ ಪಕ್ಕಕ್ಕೆ ಮಲಗಿಸಿಕೊಂಡು ಅಷ್ಟು ದೂರ ಬಂದಿದ್ದರು. ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳಲು ಹೋದ ನನ್ನ ಗಂಡ, ಹಳೇ ಸೀರೆ ಸುತ್ತಿದ ಆ ಉದ್ದನೆಯ ಗಂಟು ನೋಡಿ, "ಅಮ್ಮಾ, ಇದೆಂತಕ್ಕೆ?" ಅಂತ ಕೇಳಿದರಂತೆ. "ಹೊಳೆ ಇರುವ ಊರಿಗೆ ಕೋಲಿಲ್ಲದೆ ಬರುದಾ?" ಅಂದರಂತೆ ಅತ್ತೆ. ಆ ಮಾತನ್ನು ನನ್ನ ಗಂಡ ಮನೆಗೆ ಬಂದು ಹೇಳಿದಾಗ ಅವರ ಮುಖದಲ್ಲಿ ಅಳುವೂ ಇತ್ತು, ನಗುವೂ ಇತ್ತು.

ನಾವಿಬ್ಬರೂ ವರ್ಗವಾಗಿ ಇಲ್ಲಿಗೆ ಬಂದವರು. ಅವರದು ರೈಲ್ವೆ, ನನ್ನದು ಬ್ಯಾಂಕು. ಬಂಗಾಲಿ ಟೋಲಾದ ಒಂದು ಗಲ್ಲಿಯಲ್ಲಿ, ಮಹಡಿ ಮೇಲೆ ಎರಡು ಕೋಣೆಯ ಮನೆ. ಕೆಳಗೆ ಮನೆಯ ಮಾಲೀಕರು. ತಲೆಮಾರುಗಳ ಹಿಂದೆ ಕರ್ನಾಟಕದಿಂದ ಬಂದು, ನಮ್ಮ ಕಡೆಯ ಯಾತ್ರಿಕರಿಗೆ ಕರ್ಮ ಮಾಡಿಸಿಕೊಂಡು ಇಲ್ಲೇ ನೆಲೆ ನಿಂತ ಪುರೋಹಿತರು. ಮನೆಯೊಡತಿಯ ಕನ್ನಡವನ್ನು ನೀವು ಕೇಳಬೇಕು. "ನಲ್‌ನಲ್ಲಿ ನೀರು ಬಂದ್ ಆಗತ್ತೆ, ಜಲ್ದಿ ಬಾಲ್ಟಿ ಭರ್ತಿ ಮಾಡ್ಕೊಳ್ಳಿ" ಅನ್ನುತ್ತಾರೆ, ಅದೂ ಅಪ್ಪಟ ಮಡಿ ಉಚ್ಚಾರಣೆಯಲ್ಲಿ. ಬಾಡಿಗೆಗೆ ಕೊಡುವಾಗ ಅವರು ಹಾಕಿದ ಷರತ್ತು ಒಂದೇ: ಮೀನು, ಮೊಟ್ಟೆ ಹೊಸಿಲು ದಾಟಬಾರದು. ಕುಂದಾಪುರದ ಹೊಳೆದಂಡೆಯಲ್ಲಿ ಹುಟ್ಟಿ, ಮೀನುಸಾರಿಲ್ಲದೆ ಅನ್ನ ಇಳಿಯದ ನನ್ನ ಗಂಡ ಆ ಷರತ್ತಿಗೆ ತಲೆಯಾಡಿಸಿ, ಊರಿಗೆ ಹೋದಾಗ ಸೇಡು ತೀರಿಸಿಕೊಳ್ಳುವವರ ಹಾಗೆ ತಿಂದು ಬರುತ್ತಿದ್ದರು. ನಾನು ತುಮಕೂರಿನ ಬಯಲಿನವಳು, ನನಗೆ ಮೀನೂ ಒಂದೇ ಬದನೆಕಾಯಿಯೂ ಒಂದೇ.

ಮಣಿಕರ್ಣಿಕೆಯ ಎದುರು ದೋಣಿಯಲ್ಲಿ ಅಸ್ಥಿ ಬಿಟ್ಟ ದಿನ ಅತ್ತೆ ಅಂಚಿಗೆ ಕೂತು ನೀರಿಗೆ ಕೈ ಇಳಿಬಿಟ್ಟಿದ್ದರು. ಕೆಳಮನೆಯ ಭಟ್ಟರು ಕೊನೆಯ ಮಂತ್ರ ಹೇಳಿ ಮುಗಿಸಿ ಎಲ್ಲರೂ ಸುಮ್ಮನಿದ್ದ ಹೊತ್ತಿನಲ್ಲಿ ಅತ್ತೆ ದೋಣಿಯವನ ಕಡೆ ತಿರುಗಿ, "ಇಲ್ಲಿ ಮೀನುಂಟಾ?" ಅಂತ ಕೇಳಿಬಿಟ್ಟರು. ಭಟ್ಟರು ಕೆಮ್ಮಿದರು. ದೋಣಿಯವನಿಗೆ ಕನ್ನಡ ಬಾರದಿದ್ದರೂ ಅತ್ತೆಯ ಅಂಗೈ ಈಜಿ ತೋರಿಸಿದ್ದು ಅರ್ಥವಾಯಿತು. ಘಾಟುಗಳೆಲ್ಲ ಮುಗಿದ ಮೇಲೆ, ಅಸ್ಸಿಯನ್ನೂ ದಾಟಿ, ಸಾಮ್ನೆ ಘಾಟಿನ ಆಚೆ ಅಂತ ಕೈ ಮಾಡಿದ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಆಮೇಲೆ ಅದೇ ಸೆರಗಿನಲ್ಲಿ ಒದ್ದೆ ಕೈಯನ್ನೂ ಒರೆಸಿಕೊಂಡರು.

ಅತ್ತೆ, ಮಾವ ಮದುವೆಯಾದಾಗಿನಿಂದ ಒಂದೇ ದೋಣಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತು ಗಾಳ ಹಾಕಿದವರು. ಹೊಟ್ಟೆಪಾಡಿಗೆ ಬೇರೆ ಕೆಲಸ ಇತ್ತು, ಇದು ಹುಚ್ಚಿಗೆ. ಯಾರ ಗಾಳಕ್ಕೆ ಹೆಚ್ಚು ಬೀಳುತ್ತದೆ ಅನ್ನುವ ಜಗಳ ಮಾವ ಹಾಸಿಗೆ ಹಿಡಿಯುವವರೆಗೂ ನಡೆದಿತ್ತು. ಈಗ ಕರ್ಮ ಮುಗಿದ ಮೇಲೆ ಅತ್ತೆ ಕುಂದಾಪುರಕ್ಕೆ, ಮಗಳ ಮನೆಗೆ ವಾಪಸ್ಸು ಹೋಗುವುದೆಂದು ಮಾತಾಗಿತ್ತು. ಅದು ಗಿಜಿಗುಡುವ ಮನೆ, ಅಲ್ಲಿ ಅವರನ್ನು ಎಲ್ಲರೂ ಕಾಯುತ್ತಿದ್ದರು. ಸಂಕ್ರಾಂತಿಯ ಮರುದಿನಕ್ಕೆ, ಅಂದರೆ ಇಲ್ಲಿಯವರು ಖಿಚಡಿ ಅನ್ನುವ ಹಬ್ಬದ ಮರುದಿನಕ್ಕೆ, ನನ್ನ ಗಂಡ ಟಿಕೆಟ್ ಮಾಡಿಸಿದ್ದರು. ಆದರೆ ವಾರ ಕಳೆಯುವಷ್ಟರಲ್ಲಿ ಅತ್ತೆಗೆ ಈ ಊರು ಹಿಡಿಸಲು ಶುರುವಾಯಿತು. ಗಲ್ಲಿಯ ಹಸುಗಳ ಜೊತೆ ಮಾತಾಡುತ್ತಿದ್ದರು, ತರಕಾರಿಯವಳ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡಿ ಗೆದ್ದು ಬರುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ತಾವಾಗಿಯೇ ಅಂದರು: "ಖಿಚಡಿಯ ಒಳಗೆ ಈ ಗಂಗೆಯಲ್ಲಿ ಒಂದು ಮೀನು ನನ್ನ ಕೋಲಿಗೆ ಬಂದ್ರೆ ನಾನು ಇಲ್ಲೇ ನಿಮ್ಮೊಟ್ಟಿಗೆ ಇರ್ತೇನೆ. ಬರದಿದ್ರೆ ಹೋಗ್ತೇನೆ. ನೀರು ಹೇಳಲಿ."

"ಇದೇನು ಅತ್ತೆ, ಇರೋದಕ್ಕೂ ಮೀನಿಗೂ ಏನು ಸಂಬಂಧ?" ಅಂದೆ.

"ನನ್ನನ್ನು ಒಲ್ಲದ ನೀರಿನ ಹತ್ರ ನಾನು ಕೂರುದಿಲ್ಲ ಮಾರಾಯ್ತಿ."

ನನಗೆ ಅವರು ಇರಬೇಕಿತ್ತು. ಬೇಕೇ ಬೇಕಿತ್ತು. ನಾನು ದಿನವಿಡೀ ಕೌಂಟರಿನಲ್ಲಿ ಕೂತು ಹಿಂದಿಯಲ್ಲಿ ಜಗಳಾಡಿ ಬರುವವಳು. ಗಂಡನದು ಶಿಫ್ಟು, ಮನೆಗೆ ಬಂದರೆ ಮಾತಿಗೊಂದು ನರಪಿಳ್ಳೆ ಇಲ್ಲ. ಕನ್ನಡದಲ್ಲಿ ಜಗಳಾಡಲು ಒಬ್ಬರು ಬೇಕು ಅಂತ ಎಷ್ಟು ಹಂಬಲಿಸಿದ್ದೆನೋ ಏನೋ. ಅತ್ತೆ ಬಂದ ಮೇಲೆ ನಾನು "ಇದೆ" ಅಂದರೆ ಅವರು "ಉಂಟು" ಅನ್ನುವುದು, ನಾನು ಸಾರಿಗೆ ಬೆಲ್ಲ ಹಾಕದಿದ್ದರೆ ಅವರು ಮುಖ ಸೊಟ್ಟ ಮಾಡುವುದು, ನಾನು ರೇಗಿದರೆ ಅವರು ಇನ್ನೂ ರೇಗಿಸುವುದು, ಇದೆಲ್ಲ ನಡೆದು ಆ ಎರಡು ಕೋಣೆ ಮನೆಯಾಗಿತ್ತು. ಅದನ್ನೆಲ್ಲ ಒಂದು ಮೀನಿನ ಬಾಯಿಗೆ ಒಪ್ಪಿಸಿ ಕೂತಿದ್ದರಲ್ಲ ಈ ಹೆಂಗಸು! ಸಿಟ್ಟು ನೆತ್ತಿಗೇರಿತು. ಆದರೂ ಎರಡನೇ ಶನಿವಾರ ಬೆಳಿಗ್ಗೆ ಶಾಲು ಹೊದ್ದು ಅವರ ಹಿಂದೆ ನಾನೇ ಹೊರಟಿದ್ದೆ, ನೋಡಿ.

ಅವರು ಹೊರಟ ವೇಷ ಹೇಳಬೇಕು. ಸೀರೆ ಮೇಲೆ ಮಗನ ರೈಲ್ವೆ ಕೋಟು, ತಲೆಗೆ ಮಂಕಿ ಟೋಪಿ, ಅದರ ಮೇಲೆ ಮತ್ತೆ ಸೆರಗು. ಕೋಟಿನ ಬಲಜೇಬಿನಲ್ಲಿ ಒಂದು ಬಟ್ಟೆ ಗಂಟು. ಹೊರಡುವ ಮೊದಲು ಬಾಣಲೆಯಲ್ಲಿ ಕಲ್ಲುಪ್ಪು ಹುರಿದು ಆ ಗಂಟಿಗೆ ತುಂಬುತ್ತಿದ್ದರು, ಅದು ಬಹಳ ಹೊತ್ತು ಬಿಸಿಯಾಗಿರುತ್ತಿತ್ತು. ಒಂದು ಕೈ ಕೋಲಿನ ಮೇಲೆ, ಇನ್ನೊಂದು ಜೇಬಿನ ಗಂಟಿನ ಮೇಲೆ. ಆಗಾಗ ಕೈ ಬದಲಿಸುವುದು. "ಕೈ ಮರಗಟ್ಟಿದ್ರೆ ಮೀನಿನ ಮಾತು ಕೇಳುದಿಲ್ಲ" ಅನ್ನುತ್ತಿದ್ದರು. ಮಂಜು ಸುರಿಯುವ ನದಿದಂಡೆಯಲ್ಲಿ ನನ್ನ ಬೆರಳುಗಳು ನನ್ನವೇ ಅಲ್ಲ ಅನ್ನಿಸುತ್ತಿದ್ದಾಗ ಅವರ ಕೈ ಮಾತ್ರ ಆಗತಾನೆ ಒಲೆಯ ಮುಂದಿಂದ ಎದ್ದು ಬಂದ ಹಾಗಿರುತ್ತಿತ್ತು.

ಊರಿನಿಂದ ತಂದ ಕೋಲುಗಳು ಕೆಲಸಕ್ಕೆ ಬರಲಿಲ್ಲ. ಅವು ಅಳಿವೆಯಲ್ಲಿ ಕೆಂಬೇರಿಯಂಥ ರೌಡಿ ಮೀನನ್ನು ಎಳೆಯಲು ಮಾಡಿದ ಗಟ್ಟಿ ಬಿದಿರಿನವು. ಕಾಶಿಯ ಚಳಿಯಲ್ಲಿ ಮೀನು ತಳಕ್ಕಿಳಿದು ಮಂಕಾಗಿ ಕೂತಿರುತ್ತದೆಯಂತೆ, ಹಸಿವಿದ್ದರೂ ಬಾಯಿ ತೆರೆಯಲು ಸೋಮಾರಿತನವಂತೆ. ಗಾಳದ ಹಿಟ್ಟನ್ನು ಕಚ್ಚುವುದಿಲ್ಲ, ಸುಮ್ಮನೆ ಮೂಸಿ ತುಟಿ ಸೋಕಿಸುತ್ತದೆ. ಆ ಸೋಕು ದಪ್ಪ ಕೋಲಿನಲ್ಲಿ ಕೈವರೆಗೆ ಬರುವುದೇ ಇಲ್ಲ. ಮೇಲಾಗಿ ಇಲ್ಲಿಯ ಒಣಚಳಿಗೆ ಒಂದು ಬಿದಿರು ಉದ್ದಕ್ಕೆ ಸೀಳಿಹೋಯಿತು. ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿ, "ಪಾಪ, ಇದಕ್ಕೂ ಊರ ಉಪ್ಪುಗಾಳಿ ಬೇಕಾಯ್ತು" ಅಂದರು. ನನಗೆ ಆ 'ಇದಕ್ಕೂ' ಅನ್ನುವುದು ಚುಚ್ಚಿತು.

ಸರಿ, ಹೊಸ ಕೋಲು ಕೊಳ್ಳೋಣ ಅಂತ ಚೌಕಿನ ಹಿಂದಿನ ಗಲ್ಲಿಯ ಅಂಗಡಿಗೆ ಹೋದೆವು. ನಾನು ತಿಳಿದಿದ್ದು, ಕೋಲು ಕೊಳ್ಳುವುದೆಂದರೆ ಛತ್ರಿ ಕೊಂಡ ಹಾಗೆ, ಬಣ್ಣ ನೋಡಿ ದುಡ್ಡು ಕೊಡುವುದು. ಅತ್ತೆ ಅಂಗಡಿಯವನ ಹತ್ತಿರ ಇದ್ದ ಕೋಲುಗಳನ್ನೆಲ್ಲ ಹೊರಕ್ಕೆ ತರಿಸಿ ಗಲ್ಲಿಯ ಗೋಡೆಗೆ ಸಾಲಾಗಿ ನಿಲ್ಲಿಸಿದರು. ನಿಲ್ಲಿಸಿ, ಎದುರಿಗಿನ ಚಹಾ ಅಂಗಡಿಯಲ್ಲಿ ಕೂತು ಚಹಾ ಕುಡಿಯತೊಡಗಿದರು.

"ಮಾತಾಜಿ ಕ್ಯಾ ಕರ್ ರಹೀ ಹೈಂ?" ಅಂದ ಅಂಗಡಿಯವ, ಪೂರಾ ಗಲಿಬಿಲಿಯಾಗಿ.

ನನಗೂ ಗೊತ್ತಿರಲಿಲ್ಲ. ಕೇಳಿದೆ. "ಬೆಚ್ಚಗಿನ ಅಂಗಡಿಯಲ್ಲಿ ಎಲ್ಲ ಕೋಲೂ ಒಳ್ಳೇದೇ," ಅಂದರು ಅತ್ತೆ. "ಚಳಿ ತಿನ್ನಲಿ. ಯಾವುದು ಸೆಟೆದು ನಿಲ್ತದೆ, ಯಾವುದು ಬಳುಕ್ತದೆ, ಆಗ ಗೊತ್ತಾಗ್ತದೆ." ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಅಂಗಡಿಯವ ನಕ್ಕ, ಆದರೆ ತನಗೂ ಒಂದು ಚಹಾ ಹೇಳಿ ನಮ್ಮ ಪಕ್ಕದಲ್ಲೇ ಕೂತ.

ಕೋಲುಗಳು ಚೆನ್ನಾಗಿ ತಣಿದ ಮೇಲೆ ಅತ್ತೆ ಒಂದೊಂದನ್ನೇ ಬಗ್ಗಿಸಿದರು. ಥಳಥಳ ಹೊಳೆಯುವ ಒಂದು ಕರೀ ಕೋಲನ್ನು ಅಂಗಡಿಯವ ಹೊಗಳಿದ್ದೇ ಹೊಗಳಿದ್ದು. ಬಗ್ಗಿಸಿದಾಗ ಅದರ ಕೀಲು 'ಟಕ್' ಅಂದಿತು. "ಇದು ಮುರಿಯುವ ಜಾತಿ" ಅಂತ ಪಕ್ಕಕ್ಕಿಟ್ಟರು. ಹಿಡಿಗೆ ಲೋಹದ ಪಟ್ಟಿ ಇದ್ದದ್ದನ್ನು ನನ್ನ ಕೆನ್ನೆಗೆ ಮುಟ್ಟಿಸಿದರು. ನಾನು ಕಿರುಚಿದೆ. "ಹೌದಲ್ಲ? ಬೆಳಿಗ್ಗೆಯಿಡೀ ಇದನ್ನು ಹಿಡಿದು ಕೂರುದು ಹೇಗೆ? ಕಾರ್ಕಿನ ಹಿಡಿ ಬೇಕು" ಅಂದರು. ಕೊನೆಗೆ ಉಳಿದದ್ದು ಮಾಸಲು ಹಸಿರು ಬಣ್ಣದ, ತುದಿ ಸೂಜಿಯಷ್ಟು ಸಣ್ಣಗಿನ, ನೋಡಲು ಏನೂ ಅಲ್ಲದ ಒಂದು ಕೋಲು.

ಆಮೇಲೆ ಮಾಡಿದ್ದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಕೋಲಿನ ಬುಡವನ್ನು ಮುಂಗೈಗೆ ಆನಿಸಿಕೊಂಡು ಕಣ್ಣು ಮುಚ್ಚಿದರು. ನನ್ನ ಶಾಲಿನ ಅಂಚಿನಿಂದ ಒಂದು ನೂಲು ಕೀಳಿಸಿ, ಅದನ್ನು ಕೋಲಿನ ತುದಿಗೆ ಸೋಕಿಸಲು ಹೇಳಿದರು, "ಯಾವಾಗ ಅಂತ ಹೇಳ್ಬೇಡ" ಅಂದರು. ನಾನು ಸುಮ್ಮನೆ ಕಾದೆ. ಮೋಸ ಮಾಡೋಣ ಅಂತ ಕೈ ಆಡಿಸಿದೆ, ಸೋಕಿಸಲಿಲ್ಲ. ಅವರು ಮಿಸುಕಲಿಲ್ಲ. ಆಮೇಲೆ ಉಸಿರು ಬಿಗಿಹಿಡಿದು ನೂಲನ್ನು ತಾಗಿಸಿದೆನೋ ಇಲ್ಲವೋ, "ಹ್ಞಾಂ, ಈಗ" ಅಂದರು. ಮತ್ತೆ ಮಾಡಿದೆ. "ಈಗ." ಅಂಗಡಿಯವ ತಾನೇ ಬಂದು ನೂಲು ಇಸಿದುಕೊಂಡು ಮಾಡಿದ. "ಈಗ." ಅವನು ಚಹಾದ ಗ್ಲಾಸು ಕೆಳಗಿಟ್ಟು ಅತ್ತೆಗೆ ಕೈ ಮುಗಿದ. ಅತ್ತೆ ಅದನ್ನು ಸಲ್ಲಬೇಕಾದದ್ದೇ ಸಂದಿತು ಅನ್ನುವ ಹಾಗೆ ಸ್ವೀಕರಿಸಿದರು. ವಿನಯ ಅನ್ನುವುದು ಅವರಲ್ಲಿ ಯಾವತ್ತೂ ಇರಲಿಲ್ಲ, ನನಗೆ ಅವರಲ್ಲಿ ಹಿಡಿಸಿದ್ದೇ ಅದು.

ಆ ಅಂಗಡಿಯಲ್ಲಿ ಅತ್ತೆ ಒಂದು ಹೊಸ ಪದವನ್ನೂ ಸಂಪಾದಿಸಿದರು: ಬನ್ಸಿ. ಈ ಕಡೆ ಗಾಳದ ಕೋಲಿಗೆ ಬನ್ಸಿ ಅನ್ನುತ್ತಾರೆ. ಕೊಳಲಿಗೂ ಬನ್ಸಿ ಅಂತಲೇ ಅನ್ನುತ್ತಾರೆ. ಮನೆಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಮನೆಯೊಡತಿ, "ಲಂಬಾ ಥೈಲಿಯಲ್ಲಿ ಏನು ತಂದಿರಿ ಅಮ್ಮಾ?" ಅಂತ ಕೇಳಿದರು.

"ಬನ್ಸಿ," ಅಂದರು ಅತ್ತೆ ಹೆಮ್ಮೆಯಿಂದ.

"ವಾಹ್! ನಿಮಗೆ ಬರುತ್ತಾ?"

"ಬಾರದೆ ಎಂತ? ಮದುವೆ ಆದಾಗಿಂದ. ಗಂಡನೇ ಕಲಿಸಿದ್ದು."

"ಎಷ್ಟು ಪುಣ್ಯ! ಏಕಾದಶಿ ದಿನ ನಮಗೂ ಒಂದಿಷ್ಟು ಕೇಳಿಸಿ."

"ಅದು ಕೇಳುದಲ್ಲ, ಸುಮ್ಮನೆ ಕೂತು ನೋಡುದು. ಶಬ್ದ ಮಾಡಿದ್ರೆ ಎಲ್ಲ ಓಡಿ ಹೋಗ್ತವೆ."

ಮನೆಯೊಡತಿ ಅದನ್ನು ದೊಡ್ಡ ವಿದ್ವಾಂಸರ ಮಾತು ಅಂತ ತಿಳಿದು ತಲೆದೂಗಿದರು. ನಾನು ಶಾಲನ್ನು ಬಾಯಿಗೆ ತುರುಕಿಕೊಂಡು ಮೆಟ್ಟಿಲು ಹತ್ತಿದೆ. ಆಮೇಲೆ ಕೆಳಗೆ ಉಳಿದುಕೊಳ್ಳಲು ಬಂದ ಯಾತ್ರಿಕರಿಗೆಲ್ಲ ಅವರು, "ನಮ್ಮ ಮೇಲಿನ ಮನೆಯಲ್ಲಿ ಬನ್ಸಿ ನುಡಿಸುವ ಅಮ್ಮ ಇದ್ದಾರೆ" ಅಂತ ಹೇಳತೊಡಗಿದರು. ತಿದ್ದಲು ನಮಗೆ ಧೈರ್ಯ ಬರಲಿಲ್ಲ. ಆ ಮನೆಯಲ್ಲಿ ಬನ್ಸಿಯ ಎರಡನೇ ಅರ್ಥಕ್ಕೆ ಜಾಗವಿರಲಿಲ್ಲ.

ಕೋಲಿಗೆ ಮನೆಯಲ್ಲಿ ಸಿಕ್ಕ ಆರೈಕೆ ನನಗೆ ಜ್ವರ ಬಂದಾಗಲೂ ಸಿಕ್ಕಿರಲಿಲ್ಲ. ನದಿಯಿಂದ ಬಂದ ಕೂಡಲೆ ಒಳಗೆ ತರುವಂತಿಲ್ಲ. ತಣ್ಣಗಿನ ಕೋಲು ಬೆಚ್ಚಗಿನ ಕೋಣೆಗೆ ಬಂದರೆ ಬೆವರುತ್ತದೆ, ಬೆವರು ಕೀಲಿಗಿಳಿಯುತ್ತದೆ. ಮೊದಲು ಮೆಟ್ಟಿಲ ಮೇಲೆ ಕೂರಬೇಕು, ಆಮೇಲೆ ಬಾಗಿಲ ಹತ್ತಿರ, ಆಮೇಲೆ ಒಳಗೆ. "ಹೊಸ ಸೊಸೆಗೂ ಇಷ್ಟು ಶಾಸ್ತ್ರ ಮಾಡಿರಲಿಲ್ಲ ನೀವು" ಅಂದೆ. "ಸೊಸೆ ಬಿರುಕು ಬಿಡುದಿಲ್ಲ" ಅಂದರು. ಹಳೇ ಪಂಚೆಯ ತುಂಡಿನಿಂದ ಒರೆಸುವುದು, ಕೀಲುಗಳನ್ನು ಬಿಚ್ಚಿ ಮೇಣದ ಬತ್ತಿ ಸವರುವುದು, ನೂಲು ಸುತ್ತಿದ ಕಡೆ ಉಗುರಿನಲ್ಲಿ ಮೀಟಿ ನೋಡುವುದು. ಮೂಲೆಗೆ ಒರಗಿಸಿಟ್ಟರೆ ಬೆನ್ನು ಬಾಗುತ್ತದೆ ಅಂತ ಗೋಡೆಯ ಕ್ಯಾಲೆಂಡರ್ ತೆಗೆಸಿ ಆ ಮೊಳೆಗೆ ನೇತುಹಾಕುವುದು. ನದಿಯ ಹತ್ತಿರ ಚಳಿ ಕಾಯಿಸಲು ಹಾಕುವ ಬೆಂಕಿಗೆ ಇಲ್ಲಿ ಕೌಡಾ ಅನ್ನುತ್ತಾರೆ. ಅಸ್ಥಿ ಬಿಟ್ಟ ದಿನದ ಅದೇ ದೋಣಿಯವನು ಒಮ್ಮೆ ಕೋಲು ಒಣಗಲಿ ಅಂತ ಪ್ರೀತಿಯಿಂದ ಕೌಡಾದ ಪಕ್ಕ ಇಟ್ಟಾಗ ಅತ್ತೆ ಹಾಕಿದ ಕೂಗಿಗೆ ಆಚೆ ದಡದ ಹಕ್ಕಿಗಳೂ ಎದ್ದವು. ಬೆಂಕಿ ಕಂಡ ಕೋಲು ಮತ್ತೆ ಕೋಲಲ್ಲ, ಸೌದೆ, ಅಂತ ನನ್ನಿಂದ ಹಿಂದಿಯಲ್ಲಿ ಹೇಳಿಸಿದರು.

ಹೊಸ ಕೋಲಿಗೆ ಕಟ್ಟಿದ್ದು ಮಾತ್ರ ಹಳೇ ರೀಲು, ಅಂದರೆ ಗಾಳದ ದಾರ ಸುತ್ತುವ ಚಕ್ರ. ಮಾವನದು. ಅದನ್ನು ಮಾವ ಹೇಗೆ ನೋಡಿಕೊಳ್ಳುತ್ತಿದ್ದರೋ ಹಾಗೇ ಅತ್ತೆಯೂ ನೋಡಿಕೊಂಡರು. ಪ್ರತಿ ಸಲವೂ ಬಿಚ್ಚಿ, ಒರೆಸಿ, ಊರಿನಿಂದ ತಂದ ಗಾಣದ ತೆಂಗಿನೆಣ್ಣೆಯನ್ನು ಹಲ್ಲುಹಲ್ಲಿಗೂ ಹಚ್ಚುತ್ತಿದ್ದರು. ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಅಲ್ಲಿ ಅದೇ ರೂಢಿ. ಕೋಣೆಯೆಲ್ಲ ಊರಿನ ವಾಸನೆ. ಇತ್ತ, ಅದೇ ಎಣ್ಣೆಯ ಬಾಟಲಿ ತಲೆಗೆ ಹಚ್ಚಲು ಬೇಕೆಂದರೆ ಬೆಳ್ಳಗೆ ಕಲ್ಲಾಗಿರುತ್ತಿತ್ತು. ದಿನಾ ಬೆಳಿಗ್ಗೆ ನಾನದನ್ನು ಬಿಸಿನೀರಿನಲ್ಲಿ ಇಳಿಸಿ, ಈ ಊರ ಚಳಿಗೆ ಬೈದು, ಕರಗಿಸಿಕೊಳ್ಳುತ್ತಿದ್ದೆ. ನದಿಯಲ್ಲಿ ರೀಲು ಬಿಗಿಯಾಗಿ ತಿರುಗಿದರೆ ಅತ್ತೆ, "ನನ್ನ ಮಂಡಿಯ ಹಾಗೆ ಇದಕ್ಕೂ ಚಳಿ" ಅಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಎರಡನ್ನೂ ಸೇರಿಸಿ ನೋಡುವ ಬುದ್ಧಿ ನಮ್ಮಿಬ್ಬರಲ್ಲಿ ಒಬ್ಬರಿಗೂ ಬರಲಿಲ್ಲ.

ಖಿಚಡಿ ಹತ್ತಿರ ಬಂತು, ಮೀನು ಬರಲಿಲ್ಲ. ಅತ್ತೆ ಹುರಿಗಡಲೆ ಹಿಟ್ಟಿಗೆ ಬೆಲ್ಲ ಸೇರಿಸಿ ಉಂಡೆ ಮಾಡಿ ನೋಡಿದರು, ಆಳ ಬದಲಿಸಿ ನೋಡಿದರು. ರಜೆ ಸಿಕ್ಕಾಗೆಲ್ಲ ನಾನು ಜೊತೆಗೆ, ಇಲ್ಲದಿದ್ದರೆ ಅವರ ಮಗ, ಇಬ್ಬರಿಗೂ ಆಗದಿದ್ದರೆ ದೋಣಿಯವನು ಬಂದು ಕರೆದುಕೊಂಡು ಹೋಗುತ್ತಿದ್ದ. ಹಬ್ಬಕ್ಕೆ ಇನ್ನೆರಡು ದಿನ ಇರುವಾಗ ನಾನು ಜೊತೆಗಿದ್ದೆ. ಮಂಜಿನಲ್ಲಿ ರಾಮನಗರದ ಸೇತುವೆ ಕಾಣದೆ ಅದರ ಮೇಲಿನ ಲಾರಿಗಳ ಸದ್ದು ಮಾತ್ರ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಅತ್ತೆಯ ಮುಂಗೈ ಎದ್ದಿತು. ಕೋಲು ಬಿಲ್ಲಾಯಿತು. "ಬಂತು!" ಅಂತ ನಾನು ಕೂಗಿದೆ. ಮೀನು ನದಿಯ ನಡುವಿಗೆ ಓಡಿತು. ರೀಲು ತಿರುಗಿ ದಾರ ಬಿಟ್ಟುಕೊಡಬೇಕಿತ್ತು, ಬಿಡಲಿಲ್ಲ. ಒಂದು ಕ್ಷಣ ಎಲ್ಲವೂ ಬಿಗಿದು ನಿಂತು, ದಾರ ತುಂಡಾಯಿತು.

ಅತ್ತೆ ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಕೋಲನ್ನು ನಿಧಾನವಾಗಿ ಬಿಚ್ಚಿ, ಮಡಿಚಿ, ಮನೆಗೆ ಬಂದರು. ಬಂದವರೇ ಪೆಟ್ಟಿಗೆ ಎಳೆದು ಸೀರೆ ಮಡಿಚತೊಡಗಿದರು.

"ಇನ್ನೂ ಸಮಯ ಇದೆಯಲ್ಲ ಅತ್ತೆ!"

"ಬೇಡ. ನೀರು ಕೊಟ್ಟಿತ್ತು. ಅವರು ಬಿಡಲಿಲ್ಲ." ರೀಲಿನ ಕಡೆ ಕೈ ತೋರಿಸಿದರು. "ಅವರ ರೀಲು. ಅವರು ಇದೇ ನೀರಲ್ಲಿ ಇದ್ದಾರೆ. ಗಟ್ಟಿ ಹಿಡಿದುಬಿಟ್ರು. ನಾನು ಇಲ್ಲಿ ಇರುದು ಅವರಿಗೆ ಇಷ್ಟ ಇಲ್ಲ, ಅಷ್ಟೆ."

ಇಷ್ಟು ಹೇಳುವಾಗ ಅವರ ದನಿ ನಡುಗಿತು. ಮಾವ ಹೋದ ಮೇಲೆ ಅವರು ಅಷ್ಟು ಸೋತದ್ದನ್ನು ನಾನು ನೋಡಿರಲಿಲ್ಲ. ಆ ಹಾಳು ರೀಲನ್ನು ಎತ್ತಿಕೊಂಡು ತಿರುಗಿಸಿ ನೋಡಿದೆ. ಮುಚ್ಚಳ ಬಿಚ್ಚಿದೆ. ಹಲ್ಲುಗಳ ನಡುವೆ ಬೆಳ್ಳಗೆ ಏನೋ ಮೆತ್ತಿತ್ತು. ಉಗುರಿನಲ್ಲಿ ಕೆರೆದು ಮೂಸಿದೆ.

ನನ್ನ ಪಿತ್ತ ನೆತ್ತಿಗೇರಿತು. ಸ್ನಾನದ ಮನೆಗೆ ಹೋಗಿ ಕಲ್ಲಾಗಿದ್ದ ತಲೆಯೆಣ್ಣೆಯ ಬಾಟಲಿ ತಂದು ಅವರ ಮುಂದೆ ಕುಕ್ಕಿದೆ, ಪಕ್ಕಕ್ಕೆ ರೀಲು ಇಟ್ಟೆ. "ನೋಡಿ! ಕಣ್ಣು ಬಿಟ್ಟು ನೋಡಿ! ಮಾವ ಅಲ್ಲ ಹಿಡಿದದ್ದು, ನಿಮ್ಮ ಗಾಣದ ಎಣ್ಣೆ! ಹೆಪ್ಪುಗಟ್ಟಿ ಕೂತಿದೆ. ಸತ್ತವರ ಮೇಲೆ ಯಾಕೆ ಹೇಳ್ತೀರಿ? ಕುಂದಾಪುರದಲ್ಲಿ ಎಣ್ಣೆ ಯಾವತ್ತಾದರೂ ಕಲ್ಲಾಗತ್ತಾ? ಇದು ಕಾಶಿ ಕಣ್ರೀ, ಕಾಶಿ!"

ಅತ್ತೆ ಬಾಟಲಿ ನೋಡಿದರು. ರೀಲು ನೋಡಿದರು. ಬೆರಳು ಹಾಕಿ ಆ ಬಿಳಿಯನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ಅವರ ಕೈಬಿಸಿಗೆ ಅದು ನೋಡನೋಡುತ್ತಲೇ ಕರಗಿ ನೀರಾಯಿತು. "ಅಯ್ಯೋ ದೇವರೇ," ಅಂದರು. ಅಂಗೈಯನ್ನು ಮೂಸಿ ನೋಡಿ, "ಆದ್ರೂ ನಮ್ಮ ಎಣ್ಣೆ ಒಳ್ಳೇದೇ. ಕಲಬೆರಕೆ ಇದ್ರೆ ಗಟ್ಟಿ ಆಗ್ತಿರಲಿಲ್ಲ" ಅಂದರು. ಆಗ ನನಗೆ ಅಳು ಬಂತು. ಅಳುತ್ತಲೇ ಹೇಳಿದೆ, "ನೀವು ಇರಬೇಕು ಅತ್ತೆ. ನೀರು ಹೇಳೋದು ಬೇಡ, ನಾನು ಹೇಳ್ತಿದ್ದೀನಿ. ನನಗೆ ನೀವು ಬೇಕು."

ಅವರು ನನ್ನ ತಲೆ ಮೇಲೆ ಆ ಎಣ್ಣೆ ಕೈಯನ್ನೇ ಒರೆಸಿದರು. "ಮಾತು ಕೊಟ್ಟಾಗಿದೆ ನೀರಿಗೆ" ಅಂದರು, ಆದರೆ ಪೆಟ್ಟಿಗೆಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದರು.

ರೀಲನ್ನು ಬಿಸಿನೀರಿನಲ್ಲಿ ತೊಳೆದದ್ದಾಯಿತು. ಇನ್ನು ಗಟ್ಟಿಯಾಗದ ಎಣ್ಣೆ ಬೇಕು. ಸಾಸಿವೆ ಎಣ್ಣೆ ಅಂಟುತ್ತದೆ ಅಂದರು ಅತ್ತೆ. ಕೆಳಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಇರುವುದು ನೆನಪಾಗಿ ಓಡಿಹೋಗಿ ಮನೆಯೊಡತಿಯನ್ನು ಕೇಳಿದೆ.

"ಯಾತಕ್ಕೆ?"

ಅವಸರದಲ್ಲಿ ಬಾಯಿ ತಪ್ಪಿತು. "ಬನ್ಸಿಯ ಚಕ್ರಕ್ಕೆ."

"ಬನ್ಸಿಗೆ ಚಕ್ರ ಎಲ್ಲಿಂದ ಬಂತು?"

ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡೆ. ಅವರು ನನ್ನನ್ನೇ ನೋಡಿದರು. ಹುಟ್ಟಿದ್ದು ಇದೇ ಗಲ್ಲಿಯಲ್ಲಿ, ಎರಡೂ ಬನ್ಸಿ ಗೊತ್ತಿಲ್ಲದೆ ಇರುತ್ತದೆಯೇ! ಅವರ ಮುಖದಲ್ಲಿ ಆ ಥೈಲಿ, ಮಂಕಿ ಟೋಪಿ, ಬೆಳಗಿನ ಜಾವದ ಸವಾರಿ, ಎಲ್ಲವೂ ಒಂದೊಂದಾಗಿ ಜಾಗಕ್ಕೆ ಬಂದು ಕೂತದ್ದನ್ನು ಕಂಡೆ. ಖಿಚಡಿಯ ಕರಾರನ್ನು ಗಡಬಡಿಸಿ ಹೇಳಿದೆ, ಹಿಡಿದರೂ ಅಲ್ಲೇ ಬಿಟ್ಟು ಬರುತ್ತಾರೆ ಅಂತಲೂ ಸೇರಿಸಿದೆ. ಅವರು ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಸಣ್ಣ ಎಣ್ಣೆ ಡಬ್ಬಿ.

"ನಮ್ಮ ಮನೆಗೆ ಮೀನು ಬರಕೂಡದು," ಅಂದರು. "ನಮ್ಮ ಮನೆಯಿಂದ ಎಣ್ಣೆ ಹೋಗಬಹುದು."

ನಾನು ಅವರ ಕಾಲಿಗೆ ಬಿದ್ದೆ. "ಹಟೋ" ಅಂತ ಗದರಿಸಿಕೊಂಡು ಎದ್ದು ಬಂದೆ.

ಖಿಚಡಿಯ ಬೆಳಿಗ್ಗೆ ಘಾಟುಗಳಲ್ಲಿ ಸ್ನಾನದ ಜನವೋ ಜನ. ಸಾಮ್ನೆ ಘಾಟಿನ ಆಚೆ ನಾವಿಬ್ಬರು ಮತ್ತು ಕೌಡಾದ ಮುಂದೆ ಕುಕ್ಕರಗಾಲಿನಲ್ಲಿ ಕೂತ ದೋಣಿಯವನು. ಮರುದಿನದ ಟಿಕೆಟ್ ಅತ್ತೆಯ ಕೋಟಿನ ಒಳಜೇಬಿನಲ್ಲಿತ್ತು, ಹೊರಜೇಬಿನಲ್ಲಿ ಉಪ್ಪಿನ ಗಂಟು. ರೀಲು ಈಗ ಬೆರಳು ಸೋಕಿದರೆ ಸದ್ದಿಲ್ಲದೆ ತಿರುಗುತ್ತಿತ್ತು. ಬಿಸಿಲು ಏರಿತು, ಮಂಜು ತೆಳುವಾಯಿತು, ನೀರಿನ ಮೇಲೆ ದಾರಕ್ಕೆ ಕಟ್ಟಿದ ಬೆಂಡು ಅಲುಗದೆ ನಿಂತೇ ಇತ್ತು. ನಾನು ಮನಸ್ಸಿನಲ್ಲೇ ಮಾವನವರಿಗೆ ಬೈಯುತ್ತಿದ್ದೆ, ಬೇಡಿಕೊಳ್ಳುತ್ತಿದ್ದೆ. ಒಂದು ಮೀನನ್ನು ಈ ಕಡೆ ಅಟ್ಟಲು ಏನು ಕಷ್ಟ ನಿಮಗೆ?

ಆಗ ಅತ್ತೆ ಅಂದರು, "ಸ್ವಲ್ಪ ಇದನ್ನು ಹಿಡಿ ಮಗಾ. ನನ್ನ ಕೈ ಮರಗಟ್ಟಿ ಹೋಯ್ತು."

ನನ್ನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಕಾರ್ಕಿನ ಹಿಡಿಯ ಮೇಲೆ ಕೂರಿಸಿದರು. ಅವರು ಕೈ ಬಿಟ್ಟರೋ ಇಲ್ಲವೋ, ಬೆಂಡು ಮುಳುಗಿತು. ಏನು ಮಾಡಿದೆ, ಹೇಗೆ ಮಾಡಿದೆ ನನಗೆ ಗೊತ್ತಿಲ್ಲ. "ಬಿಡು! ಓಡಲಿ! ಈಗ ಎಳಿ! ಅಯ್ಯೋ ಕತ್ತೆ, ಮೆಲ್ಲ!" ಅಂತ ಅತ್ತೆ ಕಿವಿಯ ಹತ್ತಿರ ಕೂಗುತ್ತಿದ್ದರು. ರೀಲು ಬಿಟ್ಟಿತು, ಮತ್ತೆ ಸುತ್ತಿತು, ಎಲ್ಲೂ ಹಿಡಿಯಲಿಲ್ಲ. ಹತ್ತಾರು ಸಲ ಓಡಿತೋ ಏನೋ, ಕೊನೆಗೆ ದೋಣಿಯವನು ಮೊಣಕಾಲವರೆಗೆ ನೀರಿಗಿಳಿದು ಎತ್ತಿದ. ಮೊಳದುದ್ದದ ರೋಹು, ಹೊಟ್ಟೆಯೆಲ್ಲ ಬೆಳ್ಳಿ. ಅತ್ತೆ ಅದರ ಬಾಯಿಯಿಂದ ಗಾಳ ಬಿಡಿಸಿ, ಎರಡು ಕೈಯಲ್ಲಿ ನೀರಿನೊಳಗೆ ಹಿಡಿದು ಉಸಿರಾಡಿಸಿ, ಬಿಟ್ಟರು. ಅದು ಹೋದ ಕಡೆಯನ್ನೇ ನೋಡುತ್ತ ನಿಂತರು.

ನನಗೆ ಆಗ ಹೊಳೆಯಿತು, ಹಿಡಿದದ್ದು ನಾನು, ಅವರಲ್ಲ. "ಅತ್ತೆ, ನಿಮ್ಮ ಕೋಲಿಗೆ ಬಂದರೆ ಅಂದಿದ್ರಿ," ಅಂತ ಶುರು ಮಾಡಿದೆ. "ನಿಮ್ಮ ಕೈಗೆ ಅಂದಿರಲಿಲ್ಲ. ಕೋಲು ನಿಮ್ಮದು. ರೀಲು ಮಾವನದು. ಮಾತು ಅಂದರೆ ಮಾತು!"

"ಬ್ಯಾಂಕಿನವಳ ಬಾಯಿ ನೋಡು," ಅಂದರು ಅತ್ತೆ. ಒಳಜೇಬಿನಿಂದ ಟಿಕೆಟ್ ತೆಗೆದು ಕೌಡಾಕ್ಕೆ ಹಾಕಿದರು. ಮಗ ಅದನ್ನು ರದ್ದು ಮಾಡಿಸಲು ಏನು ಪಾಡು ಪಡಬೇಕು ಅನ್ನುವ ಯೋಚನೆ ಇಬ್ಬರಿಗೂ ಬರಲಿಲ್ಲ.

ದೋಣಿ ತಿರುಗಿಸಿಕೊಂಡು ಬರುವಾಗ, ಮಣಿಕರ್ಣಿಕೆಯ ಹೊಗೆ ದೂರದಲ್ಲಿ ಕಾಣುವ ಹೊತ್ತಿಗೆ, ನನ್ನ ಕೈಗಳನ್ನು ಶಾಲಿನೊಳಗೆ ಉಜ್ಜಿಕೊಳ್ಳುತ್ತ ನಾನು ನೆನಪಿಸಿಕೊಂಡೆ. ಕಣ್ಣು ಮುಚ್ಚಿ ನೂಲಿನ ಸೋಕನ್ನು ಹೇಳಿದ ಕೈ ಅದು. ನನ್ನ ಕೈಯನ್ನು ಹಿಡಿಯ ಮೇಲೆ ಕೂರಿಸುವಾಗ ಅವರ ಬೆರಳುಗಳು ಮುಟ್ಟಿದ್ದವಲ್ಲ, ಅವು ಬೆಚ್ಚಗಿದ್ದವು.

"ಅತ್ತೆ," ಅಂದೆ, "ನಿಮ್ಮ ಕೈ ಮರಗಟ್ಟಿರಲಿಲ್ಲ ಅಲ್ವಾ?"

ಅವರು ಮಂಕಿ ಟೋಪಿಯನ್ನು ಕಣ್ಣವರೆಗೆ ಎಳೆದುಕೊಂಡರು.

"ಕಾಶಿಯಲ್ಲಿ ಕೂತು ನನ್ನ ಹತ್ರ ಸುಳ್ಳು ಹೇಳಿಸ್ಬೇಡ ಮಾರಾಯ್ತಿ," ಅಂದರು.